ಎರಡನೇ ಲೈನಿನ ಕೊಟೇಶನ್

ಯಾಸೆನ್ ನಾಲ್ಕನೇ ಸಲ ಕಟ್ಟಡ ಅಳೆಯಲು ಬಂದಾಗ ನೆವೆನಾ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು.

"ಈ ಕಟ್ಟಡ ನೂರಾ ಹತ್ತು ವರ್ಷದಿಂದ ಇಲ್ಲೇ ಇದೆ, ರೂಯೆನ್. ಹೋದ ವಾರ ಇಪ್ಪತ್ತೆಂಟು ಮೀಟರ್ ಇದ್ದಿದ್ದು ಈ ವಾರ ಬೆಳೆದಿರಲ್ಲ."

"ಇಪ್ಪತ್ತೆಂಟೂವರೆ," ಎಂದ ಅವನು. "ಒಳಗೆ ಬರಲಾ?"

"ಬೆಲೆ ತಂದಿದ್ದೀರಾ?"

"ಅಳತೆ ಆದ್ಮೇಲೆ ಹೇಳ್ತೀನಿ."

"ಅಳತೆ ಮೂರು ಸಲ ಆಗಿದೆ!"

"ನೋಡೋಣ," ಎಂದು ಅವನು ನೋಡಿದ. ಗೋಡೆಯನ್ನಲ್ಲ, ಅವಳನ್ನು. ಅರೆಕ್ಷಣ ಮಾತ್ರ. ಆಮೇಲೆ ಅಲ್ಲೇನೋ ಬಹಳ ಮುಖ್ಯವಾದದ್ದು ನೇತಾಡುತ್ತಿದೆ ಎನ್ನುವ ಹಾಗೆ ಅವನ ಕಣ್ಣು ಚಾವಣಿಗೆ ಏರಿತು.

ರೂಯೆನ್ ಅವನ ಹೆಸರಲ್ಲ, ಅವನ ಕಂಪನಿಯ ಹೆಸರು. ಹನ್ನೊಂದು ವಾರಗಳಿಂದ ನೆವೆನಾಳ ತಲೆಯಲ್ಲಿ ಮನುಷ್ಯರಿಗೆ ಜಾಗವೇ ಇರಲಿಲ್ಲ. ಮೂರು ಇಂಟರ್ನೆಟ್ ಕಂಪನಿಗಳಿದ್ದವು: ಸೊಕೊಲಿನ್, ರೂಯೆನ್, ತ್ರಿ ಬುಕಿ. ಯಾರು ಬಂದರೂ, ಯಾರು ಫೋನೆತ್ತಿದರೂ ಆ ಮೂರರಲ್ಲಿ ಒಂದು ಹೆಸರು ಅವರಿಗೆ ಅಂಟಿಕೊಳ್ಳುತ್ತಿತ್ತು.

ಗಾಬ್ರೊವೊ ಊರಿನ ಹಳೇ ಉಣ್ಣೆ ಗಿರಣಿಯ ಮೂರನೇ ಮಹಡಿಯಲ್ಲಿ ಅವರ ಕಚೇರಿ. ಟಿವಿ ಸುದ್ದಿಯ ಧ್ವನಿ ರಾಜಧಾನಿ ಸೋಫಿಯಾದಿಂದ ಇಲ್ಲಿಗೆ ಬರುತ್ತದೆ. ಏಳು ಹೆಂಗಸರು ಅದನ್ನು ಕೇಳುತ್ತ ಕೇಳುತ್ತಲೇ ಟೈಪ್ ಮಾಡುತ್ತಾರೆ. ನಾಲ್ಕು ಸೆಕೆಂಡಿನೊಳಗೆ ಆ ಅಕ್ಷರ ದೇಶದ ಕಿವುಡರ ಮನೆಗಳ ಪರದೆಯ ಕೆಳಗೆ ಮೂಡುತ್ತದೆ. ಹೋದ ನವೆಂಬರ್‌ನಲ್ಲಿ ಲೈನ್ ಇಪ್ಪತ್ತೆರಡು ನಿಮಿಷ ಸತ್ತುಹೋಗಿತ್ತು. ಆ ಇಪ್ಪತ್ತೆರಡು ನಿಮಿಷ ಸುದ್ದಿ ಓದುವವಳು ಬರೀ ತುಟಿ ಆಡಿಸಿದ್ದಳು.

ಚಾನೆಲ್ಲಿನವರು ಬಯ್ಯಲಿಲ್ಲ, ಕಾಗದ ಕಳಿಸಿದರು. ಮುಂದಿನ ಮೂರು ವರ್ಷದ ಗುತ್ತಿಗೆ ಬೇಕಾದರೆ ಎರಡು ಮೀಸಲು ಲೈನ್ ಇರಬೇಕು. ಎರಡೂ ಬೇರೆ ಬೇರೆ ಕಂಪನಿಯವಾಗಿರಬೇಕು, ಬೇರೆ ಬೇರೆ ದಾರಿಯಲ್ಲಿ ಬರಬೇಕು. ನಕ್ಷೆ ಸಮೇತ ಸಹಿಯಾದ ಕಾಗದ ಹೂವಿನ ಭಾನುವಾರದ ಹಬ್ಬದ ಮರುದಿನ, ಸೋಮವಾರ ಮಧ್ಯಾಹ್ನದೊಳಗೆ ತಲುಪಬೇಕು. ಇಲ್ಲವಾದರೆ ಕೆಲಸ ಸೋಫಿಯಾದವರಿಗೆ ಹೋಗುತ್ತದೆ. ಏಳು ಹೆಂಗಸರ ಸಂಬಳ ಹೋಗುತ್ತದೆ. ಎಂಟನೆಯದು, ಕಚೇರಿ ನೋಡಿಕೊಳ್ಳುವ ನೆವೆನಾಳದು.

ಬೆಲೆ ಕೇಳುವುದು ಇಷ್ಟು ಕಷ್ಟ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮನೆಗೆ ಇಂಟರ್ನೆಟ್ ಬೇಕಾದರೆ ಬೀದಿ ಕಂಬಕ್ಕೂ ಬೆಲೆಚೀಟಿ ಅಂಟಿಸುತ್ತಾರೆ. ಕಚೇರಿಗೆ ಮೀಸಲು ಲೈನ್ ಎಂದ ಕೂಡಲೇ ಎಲ್ಲರೂ ಮದುವೆ ಮಾತುಕತೆಗೆ ಕೂತವರ ಹಾಗೆ ಗಂಭೀರರಾಗುತ್ತಾರೆ. "ಇಷ್ಟರಿಂದ ಆರಂಭ" ಎನ್ನುತ್ತಾರೆ. ಎಲ್ಲಿ ಮುಗಿಯುತ್ತದೆ ಎಂದು ಹೇಳುವುದಿಲ್ಲ. ತೆರಿಗೆ ಬೇರೆ, ಇಂಟರ್ನೆಟ್ ಪೆಟ್ಟಿಗೆಯ ಬಾಡಿಗೆ ಬೇರೆ. ಸೊಕೊಲಿನ್‌ಗೆ ಫೋನ್ ಮಾಡಿದರೆ ಹದಿನೇಳು ನಿಮಿಷ ಕಾಯುತ್ತ ಅಕಾರ್ಡಿಯನ್ ಕೇಳಬೇಕು. ನೆವೆನಾ ಈಗ ಪಾತ್ರೆ ತೊಳೆಯುವಾಗಲೂ ಅದೇ ರಾಗ ಗುನುಗುತ್ತಿದ್ದಳು. ಅದಕ್ಕೂ ಅವಳಿಗೆ ಸಿಟ್ಟು.

ಯಜಮಾನ ಮಿಂಕೋನದು ಇನ್ನೊಂದು ಕಾಟ. ಜಿಪುಣತನವೇ ಹೆಮ್ಮೆಯಾಗಿರುವ ಊರಿನಲ್ಲೂ ಮಿಂಕೋನ ಹೆಸರು ಹೇಳಿದರೆ ಜನ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಮೀಸಲು ಅಂದ್ರೆ ನಮಗೊಬ್ಬರಿಗೇ ಅಲ್ವೇನಮ್ಮ?"

"ಹೌದು, ಯಜಮಾನ್ರೇ. ಅಕ್ಕಪಕ್ಕದವರ ಜತೆ ಹಂಚಿಕೊಳ್ಳೋದಿಲ್ಲ."

"ನಾವು ಟೈಪ್ ಮಾಡದೇ ಇರೋ ಹೊತ್ತಲ್ಲಿ ಮಿಕ್ಕಿದ್ದನ್ನ ಕೆಳಗಿನ ಬೇಕರಿಯವನಿಗೆ ಬಾಡಿಗೆಗೆ ಕೊಡಬಹುದಾ?"

ನೆವೆನಾ ಹಣೆಯನ್ನು ಕಿಟಕಿಯ ಗಾಜಿಗೆ ಒತ್ತಿಕೊಂಡಳು. ಕೆಳಗೆ ನದಿಯ ಪಕ್ಕ ಯಾಸೆನ್ ಮಂಡಿಯೂರಿ ಕೂತು, ರಸ್ತೆಯ ಮುಚ್ಚಳವೊಂದನ್ನು ಎತ್ತಿ ಒಳಗೆ ಬಗ್ಗಿ ನೋಡುತ್ತಿದ್ದ. ಗಾಳಿಗೆ ಅವನ ಕೂದಲು ಎದ್ದು ನಿಂತಿತ್ತು.

"ಕಟ್ಟಡ ಮುಗೀತು, ಈಗ ರಸ್ತೆ ಅಳೀತಾನೆ," ಎಂದಳು ಪಕ್ಕಕ್ಕೆ ಬಂದು ನಿಂತ ರಾದ್ಕಾ. ಏಳು ಮಂದಿ ಟೈಪಿಸ್ಟರಲ್ಲಿ ಅವಳೇ ಹಿರಿಯಳು. "ಗಂಡಸು ಒಂದೇ ಗೋಡೇನ ನಾಲ್ಕು ಸಲ ಅಳೆದ ಅಂದ್ರೆ ಗೋಡೆಯ ಹಿಂದೆ ಏನೋ ಇದೆ ಅಂತ ಅರ್ಥ."

"ಗೋಡೆ ಹಿಂದೆ ಫೋಟೊಕಾಪಿ ಯಂತ್ರ ಇದೆ ಅಕ್ಕಾ."

"ಅದರ ಪಕ್ಕ ನಿನ್ನ ಮೇಜು ಇದೆ."

ನೆವೆನಾ ನಗಬಾರದು ಎಂದುಕೊಂಡೇ ನಕ್ಕಳು. ನಿಜ ಹೇಳಬೇಕೆಂದರೆ, ಮೂವರಲ್ಲಿ ಉಪಯೋಗಕ್ಕೆ ಬರುವ ಮಾತಾಡಿದವನು ಅವನೊಬ್ಬನೇ. ವರ್ಷಕ್ಕೆ ಶೇಕಡಾ 99.5 ಹೊತ್ತು ಲೈನ್ ಇರುತ್ತದೆ ಎಂದು ಸೊಕೊಲಿನ್‌ನವರು ಬೀಗಿದಾಗ ಅವನು ಅವಳ ಹಾಳೆಯ ಅಂಚಿನಲ್ಲಿ ಸಣ್ಣದಾಗಿ ಬರೆದುಕೊಟ್ಟಿದ್ದ: "ಅಂದರೆ ವರ್ಷಕ್ಕೆ ಸುಮಾರು ನಲವತ್ತನಾಲ್ಕು ಗಂಟೆ ಸತ್ತಿದ್ದರೂ ಅವರು ಮಾತು ತಪ್ಪಿದ ಹಾಗಾಗುವುದಿಲ್ಲ. 99.9 ಕೇಳಿ. ಆಗ ಒಂಬತ್ತು ಗಂಟೆಗಿಂತ ಕಡಿಮೆ." ಅವಳು ಕೇಳಿದಳು, ಅವರು ಕೊಟ್ಟರು. ಎದುರಾಳಿ ಕಂಪನಿಯ ಕರಾರನ್ನು ಗಟ್ಟಿ ಮಾಡಿಸುವ ಮಾರಾಟಗಾರನನ್ನು ಅವಳು ಎಲ್ಲೂ ನೋಡಿರಲಿಲ್ಲ. ಆ ಹಾಳೆಯ ಅಂಚನ್ನು ಕತ್ತರಿಸಿ ಡ್ರಾಯರಿನಲ್ಲಿಟ್ಟುಕೊಂಡಿದ್ದಳು. ಯಾಕೆ ಎಂದು ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ.

ಬುಧವಾರ ಅವನ ಬೆಲೆ ಬಂತು. ನೆವೆನಾ ಮೂರನ್ನೂ ಒಂದೇ ಹಾಳೆಗೆ ಇಳಿಸಿದಳು. ಸೊಕೊಲಿನ್: ತಿಂಗಳಿಗೆ 590 ಲೆವಾ, ಅಳವಡಿಕೆಗೆ 1200. ರೂಯೆನ್: 640, ಅಳವಡಿಕೆ ಉಚಿತ. ತ್ರಿ ಬುಕಿ: ತಂತಿಯಿಲ್ಲ, ಬೆಟ್ಟದ ಗೋಪುರದಿಂದ ರೇಡಿಯೊ, 720, ಅಳವಡಿಕೆಗೆ 900. ಮೂರು ವರ್ಷಕ್ಕೆ ಕೂಡಿದರೆ ಸೊಕೊಲಿನ್‌ಗೂ ರೂಯೆನ್‌ಗೂ ಇರುವ ಅಂತರ ಬರೀ ಆರುನೂರು.

"ಮೊದಲನೇ ಲೈನು ಸೊಕೊಲಿನ್, ಎರಡನೇದು ರೂಯೆನ್. ರೇಡಿಯೊ ತೆಗೆದು ಹಾಕು," ಎಂದ ಮಿಂಕೋ. "ಗಾಳಿಯಲ್ಲಿ ಬರೋದಕ್ಕೆ ತಂತಿಗಿಂತ ಜಾಸ್ತಿ ದುಡ್ಡು ಕೇಳ್ತಾರಲ್ಲ, ಗಾಳಿ ಅವರಪ್ಪಂದಾ?"

ಶುಕ್ರವಾರ ಸಂಜೆ ನಾಲ್ಕಕ್ಕೆ, ಸಹಿ ಹಾಕಲು ಮಿಂಕೋ ಕನ್ನಡಕ ಹುಡುಕುತ್ತಿದ್ದಾಗ, ಒಂದೇ ಸಾಲಿನ ಇಮೇಲ್ ಬಂತು. "ನಮ್ಮ ಕೊಟೇಶನ್ ಹಿಂತೆಗೆದುಕೊಂಡಿದ್ದೇವೆ. ಕ್ಷಮಿಸಿ. ಯಾಸೆನ್."

ನೆವೆನಾ ಅದನ್ನು ಮೂರು ಸಲ ಓದಿ ಫೋನೆತ್ತಿದಳು.

"ಇದೇನು ತಮಾಷೆ?"

"ತಮಾಷೆ ಅಲ್ಲ."

"ಸೋಮವಾರ ಮಧ್ಯಾಹ್ನ ನಾನು ಕಾಗದ ಕಳಿಸಬೇಕು. ಎಂಟು ಜನರ ಅನ್ನ ಅದು. ಕಾರಣ ಹೇಳಿ."

"ಫೋನಲ್ಲಿ ಹೇಳಕ್ಕಾಗಲ್ಲ. ಆಫೀಸಿನಲ್ಲಿದ್ದೀನಿ."

"ಹಾಗಾದ್ರೆ ಬರೆದು ಕಳಿಸಿ!"

"ಬರೆಯೋದಂತೂ ಸಾಧ್ಯವೇ ಇಲ್ಲ." ಅವನು ದನಿ ತಗ್ಗಿಸಿದ. "ಭಾನುವಾರ ಮನೆಯಲ್ಲೇ ಇರ್ತೀನಿ ನಾನು."

"ನಾನೂ ಮನೆಯಲ್ಲೇ ಇರ್ತೀನಿ!" ಎಂದು ಅವಳು ಫೋನ್ ಕುಕ್ಕಿದಳು.

ಕುಕ್ಕಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಹೂವಿನ ಭಾನುವಾರ ಹೂವಿನ ಹೆಸರಿನವರ ಹಬ್ಬ, ಮತ್ತು ನೆವೆನಾ ಎಂದರೆ ಚೆಂಡುಹೂವಿನಂಥ ಒಂದು ಹೂವು. ಹೆಸರಿನ ದಿನಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಮನೆಯಲ್ಲಿರುತ್ತೇನೆ ಎಂದರೆ ಸಾಕು, ಬರುವವರು ಬರುತ್ತಾರೆ. ಬಾಗಿಲು ತೆಗೆದಿಟ್ಟು, ಮೇಜು ತುಂಬಿ, ಕಾಯಬೇಕಾದದ್ದು ಹೆಸರಿನವರ ಕೆಲಸ. ಅಂದು ಮನೆಗೆ ಬೀಗ ಹಾಕಿ ಹೋದವರ ಸುದ್ದಿ ಮುಂದಿನ ವರ್ಷದವರೆಗೂ ಓಣಿಯಲ್ಲಿ ಓಡಾಡುತ್ತದೆ.

ಬರುತ್ತಾನೆ, ಎಂದುಕೊಂಡಳು. ಬಂದು, ಎದುರಿಗೆ ಕೂತು, ಕಾರಣ ಹೇಳಲಿ.

ಭಾನುವಾರ ಅವಳು ಮೀನು ಬೇಯಿಸಿದಳು, ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿದಳು, ಕುಂಬಳಕಾಯಿಯ ಸಿಹಿ ಸುರುಳಿ ಮಾಡಿದಳು. ಬಾಗಿಲಿಗೆ ಚರ್ಚಿನಿಂದ ತಂದ ಹಬ್ಬದ ವಿಲೊ ಮರದ ರೆಂಬೆ ಸಿಕ್ಕಿಸಿದಳು. ನೀಲಿ ಅಂಗಿ ತೊಟ್ಟಳು, ತೆಗೆದಳು, ಮತ್ತೆ ಅದನ್ನೇ ತೊಟ್ಟಳು.

ಹನ್ನೆರಡಕ್ಕೆ ಮೇಲಿನ ಮನೆಯ ದಂಪತಿ ಬಂದರು. ಒಂದಕ್ಕೆ ಟೈಪಿಸ್ಟರೆಲ್ಲ ಬಂದರು. ಎರಡಕ್ಕೆ ಮಿಂಕೋ ಮೂರು ಟ್ಯುಲಿಪ್ ಹಿಡಿದು ಬಂದ. ಐದು ತರಬಹುದಿತ್ತು, ಒಂದೇ ತರದಿದ್ದುದು ಅವನ ಔದಾರ್ಯ. ಬಂದವರೆಲ್ಲ ಹಾರೈಸಿದರು, ಹಣ್ಣಿನ ಸಾರಾಯಿ ರಾಕಿಯಾ ಗುಟುಕರಿಸಿದರು, ಸೋಮವಾರ ಏನಾಗುತ್ತದೋ ಎಂದು ನಿಟ್ಟುಸಿರಿಟ್ಟರು. ಪ್ರತಿ ಸಲ ಮೆಟ್ಟಿಲಲ್ಲಿ ಸದ್ದಾದಾಗ ನೆವೆನಾ ಎದ್ದಳು. ಪ್ರತಿ ಸಲ ಬೇರೆ ಯಾರೋ.

ಮೂರೂವರೆಯಾಯಿತು.

"ಬರಲ್ಲ ಅವನು," ಎಂದಳು ಅಡಿಗೆಮನೆಯಲ್ಲಿ, ತಟ್ಟೆಯ ಮೇಲೆ ತಟ್ಟೆ ಬಡಿದು. "ಮನೆಯಲ್ಲೇ ಇರ್ತೀನಿ ಅಂತ ಹೇಳಿದೆ. ಇನ್ನೇನು ಬ್ಯಾಂಡ್ ಬಾರಿಸ್ಕೊಂಡು ಹೋಗಿ ಕರೀಬೇಕಿತ್ತಾ?"

"ಅವನೇನಂದ?" ಎಂದು ರಾದ್ಕಾ ಕೇಳಿದಳು.

"ಏನೂ ಇಲ್ಲ. ತಾನೂ ಮನೆಯಲ್ಲೇ ಇರ್ತೀನಿ ಅಂದ."

ರಾದ್ಕಾ ಒರೆಸುತ್ತಿದ್ದ ಲೋಟವನ್ನು ಕೆಳಗಿಟ್ಟಳು. "ನೆವೆನಾ. ಆ ರೂಯೆನ್‌ನ ಹೆಸರೇನು?"

"ಯಾಸೆನ್."

"ಯಾಸೆನ್ ಅಂದ್ರೆ ಮರ ಅಲ್ವೇನೇ ದಡ್ಡಿ! ಹೂವಿನ ಹೆಸರಿನವರಿಗೆ ಮಾತ್ರ ಅಲ್ಲ, ಮರದ ಹೆಸರಿನವರಿಗೂ ಇವತ್ತೇ ಹಬ್ಬ. ಅವನು ನಿನ್ನನ್ನ ಕರೆದಿದ್ದು ಕಣೇ! ಈಗ ಅವನೂ ಬಾಗಿಲು ತೆಗೆದಿಟ್ಟು ನಿನ್ನ ದಾರಿ ನೋಡ್ತಾ ನಿನಗೇ ಶಾಪ ಹಾಕ್ತಿರ್ತಾನೆ."

ನೆವೆನಾ ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಹನ್ನೊಂದು ವಾರ ಆ ಮನುಷ್ಯನ ಹೆಸರನ್ನು ಇಮೇಲಿನ ಕೊನೆಯಲ್ಲಿ ಓದಿದ್ದಳು. ಬೆಲೆ ಹುಡುಕುವ ಕಣ್ಣಿಗೆ ಆ ಹೆಸರಿನ ಅರ್ಥ ಕಂಡಿರಲಿಲ್ಲ.

"ಮನೆ ತುಂಬ ಜನ ಇದ್ದಾರೆ. ಹೇಗೆ ಬಿಟ್ಟು ಹೋಗ್ಲಿ?"

"ಜನಕ್ಕೆ ಮೀನು ಬೇಕು, ನೀನಲ್ಲ. ಬಡಿಸೋದು ನನಗೆ ಗೊತ್ತು. ಹೋಗು."

ಬರಿಗೈಯಲ್ಲಿ ಹೋಗುವಂತಿರಲಿಲ್ಲ. ಹೂದಾನಿಯಿಂದ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಮೆಟ್ಟಿಲಿಳಿದಳು.

"ಅವು ನಾನು ತಂದ ಹೂವು!" ಎಂದು ಹಿಂದಿನಿಂದ ಮಿಂಕೋ ಕೂಗಿದ.

ಗಾಬ್ರೊವೊ ನದಿಯ ಗುಂಟ ಮೈಲುಗಟ್ಟಲೆ ಉದ್ದಕ್ಕೆ ಮಲಗಿದ ಊರು. ಅಗಲವೆಂಬುದು ಅದಕ್ಕೆ ಇಲ್ಲವೇ ಇಲ್ಲ. ನೆವೆನಾಳ ಮನೆ ಮೇಲ್ತುದಿಗೆ, ಯಾಸೆನ್ ತಾಯಿಯ ಜತೆ ಇರುವುದು ಕೆಳಗಿನ ಹಳೇ ಚರ್ಮಗಾರರ ಓಣಿಯಲ್ಲಿ. ಭಾನುವಾರದ ಬಸ್ಸು ಯಾವಾಗ ಬರುತ್ತದೋ ಬಸ್ಸಿಗೇ ಗೊತ್ತಿಲ್ಲ. ಅವಳು ಅರ್ಧ ನಡೆದು ಅರ್ಧ ಓಡಿ ಗಿರಣಿಯ ಹತ್ತಿರದ ಸೇತುವೆಗೆ ಬಂದಾಗ, ಎದುರಿನಿಂದ ಒಬ್ಬ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಏದುಸಿರು ಬಿಡುತ್ತ ಬರುತ್ತಿದ್ದ. ಒಂದು ಕೈಯಲ್ಲಿ ಐದು ಡ್ಯಾಫೊಡಿಲ್ ಹೂವು, ಇನ್ನೊಂದರಲ್ಲಿ ಮಾರುದ್ದದ ಕಬ್ಬಿಣದ ಕೊಕ್ಕೆ.

ಇಬ್ಬರೂ ಸೇತುವೆಯ ನಡುವೆ ನಿಂತರು.

"ಹಬ್ಬದ ದಿನ ಮನೆ ಬಿಟ್ಟು ಎಲ್ಲಿಗೆ ಹೊರಟ್ರಿ?" ಎಂದಳು ಅವಳು.

"ನೀವೆಲ್ಲಿಗೆ?"

"ನಾನು ಮೊದಲು ಕೇಳಿದ್ದು!"

"ನಿಮ್ಮನೆಗೆ. ಹನ್ನೊಂದು ಗಂಟೆಯಿಂದ ಕಾದೆ. ನೀವು ಬರಲಿಲ್ಲ. ಮೂರು ಗಂಟೆಗೆ ನಮ್ಮಮ್ಮ, ಆ ಹುಡುಗಿ ಹೆಸರೇನು ಅಂತ ಕೇಳಿದ್ರು. ಹೇಳಿದೆ. ತಲೆ ಮೇಲೆ ಒಂದು ಕೊಟ್ರು."

ನೆವೆನಾಳಿಗೆ ನಗು ಬಂತು. ತಡೆದುಕೊಂಡಳು, ಸಿಟ್ಟು ಇನ್ನೂ ಬಾಕಿಯಿತ್ತು.

"ಕೊಟೇಶನ್ ಯಾಕೆ ವಾಪಸ್ ತಗೊಂಡ್ರಿ?"

ಅವನು ಹೂವನ್ನು ಅವಳ ಕೈಗೆ ಕೊಟ್ಟು, ಸೇತುವೆಯ ತುದಿಗೆ ಹೋಗಿ, ಕೊಕ್ಕೆ ಸಿಕ್ಕಿಸಿ ರಸ್ತೆಯ ಮುಚ್ಚಳವನ್ನು ಎಳೆದ. "ಬನ್ನಿ, ನೋಡಿ."

ಅವಳು ಬಗ್ಗಿದಳು. ಒದ್ದೆ ಮಣ್ಣಿನ ವಾಸನೆ. ಕೆಳಗೆ ಒಂದು ಪೈಪು, ಅದರ ಬಾಯಿಯಿಂದ ಹೊರಟ ಎರಡು ಕಪ್ಪು ಕೇಬಲ್. ಒಂದಕ್ಕೆ ಸೊಕೊಲಿನ್ ಎಂಬ ಚೀಟಿ. ಇನ್ನೊಂದಕ್ಕೆ ರೂಯೆನ್.

"ಕಂಪನಿ ಬೇರೆ, ಬಿಲ್ಲು ಬೇರೆ," ಎಂದ ಅವನು. "ಪೈಪು ಒಂದೇ. ಸೊಕೊಲಿನ್‌ನವರ ಪೈಪಿನಲ್ಲಿ ನಾವು ಬಾಡಿಗೆಗೆ ಇದ್ದೀವಿ. ನಮ್ಮ ನಕ್ಷೆಯಲ್ಲಿ ನಮ್ಮ ದಾರಿ ಕೆಳಗಿನ ಸೇತುವೆ ಮೇಲೆ ಹೋಗುತ್ತೆ. ನಕ್ಷೆ ಬರೆದಿದ್ದಾರೆ, ನೆಲ ಅಗೆದಿಲ್ಲ. ಅನುಮಾನ ಬಂದೇ ನಾಲ್ಕನೇ ಸಲ ಬಂದಿದ್ದು; ಬೆಲೆ ಕಳಿಸಿದ ಮರುದಿನ ಕೇಬಲ್ ಹಿಂದೇನೇ ನಡೆದು ನೋಡ್ದೆ, ಆಗ ಖಾತ್ರಿಯಾಯ್ತು. ನಾಳೆ ಯಾರಾದ್ರೂ ಜೆಸಿಬಿ ತಂದು ಇಲ್ಲಿ ಒಂದು ಗುದ್ದು ಕೊಟ್ರೆ ನಿಮ್ಮ ಎರಡೂ ಲೈನು ಒಂದೇ ನಿಮಿಷಕ್ಕೆ ಸಾಯುತ್ತೆ."

ನೆವೆನಾ ಆ ಎರಡು ಕೇಬಲ್‌ಗಳನ್ನೇ ನೋಡುತ್ತ ಕೂತಳು. ಹನ್ನೊಂದು ವಾರ ಅವಳು ಹೋಲಿಸಿದ್ದು, ಕೂಡಿದ್ದು, ಜಗಳವಾಡಿದ್ದು ಎರಡು ಚೀಟಿಗಳ ಬಗ್ಗೆ.

"ಇದನ್ನ ಬರೆಯೋಕೆ ಆಗಲ್ವಾ ನಿಮಗೆ?"

"ಕಂಪನಿಯ ದಾರಿ ಹೊರಗಿನವರಿಗೆ ಹೇಳಿದ್ರೆ ಕೆಲಸ ಹೋಗುತ್ತೆ. ಹೇಳದೆ ನಿಮಗೆ ಮಾರೋಕೆ ನನ್ನ ಕೈಲಾಗಲಿಲ್ಲ."

"ಈಗ ಹೇಳಿದ್ರಲ್ಲ. ಈಗ ಹೋಗಲ್ವಾ?"

"ಹೋಗಬಹುದು. ನಾಳೆ ನಾನೇ ಹೋಗಿ ನಕ್ಷೆ ಸುಳ್ಳು ಅಂತೀನಿ. ನೋಡೋಣ." ಅವನು ಮುಚ್ಚಳವನ್ನು ಎಳೆದು ಕೂರಿಸಿದ. "ತ್ರಿ ಬುಕಿಯವರ ರೇಡಿಯೊ ತಗೊಳ್ಳಿ. ಜೋರು ಮಳೆಯಲ್ಲಿ ಸ್ವಲ್ಪ ಮಂಕಾಗುತ್ತೆ. ಆದ್ರೆ ಬೆಟ್ಟದ ಮೇಲಿಂದ ಬರುತ್ತೆ, ಈ ಪೈಪಿನ ಹಂಗಿಲ್ಲ. ಅವರ ಕೊಟೇಶನ್ ಸೋಮವಾರದವರೆಗೂ ಜೀವಂತ ಇದೆ, ವಿಚಾರಿಸಿದೀನಿ."

ಅವಳು ಅಲ್ಲೇ ನಿಂತು ತನ್ನ ಮನೆಗೇ ಫೋನ್ ಮಾಡಿ ಮಿಂಕೋನನ್ನು ಫೋನಿಗೆ ಕರೆಸಿದಳು. ಹೇಳಬೇಕಾದದ್ದನ್ನು ಹೇಳಿದಳು. ಆ ಕಡೆಯಿಂದ ಮೀನು ಅಗಿಯುವ ಸದ್ದು ನಿಂತಿತು.

"ಎಷ್ಟು ಜಾಸ್ತಿ?"

"ತಿಂಗಳಿಗೆ ಎಂಬತ್ತು. ಅಳವಡಿಕೆಗೆ ಒಂಬೈನೂರು."

"ನನ್ನ ರಕ್ತ ಹೀರಿ!" ಎಂದ ಮಿಂಕೋ. "ಒಂದೇ ಪೈಪು ಅಂತ ನೀನೇ ಕಣ್ಣಾರೆ ನೋಡಿದ್ಯಾ?"

"ನೋಡಿದೆ."

"ಬೆಳಿಗ್ಗೆ ಎಂಟಕ್ಕೇ ಸಹಿ ಹಾಕ್ತೀನಿ. ಮಧ್ಯಾಹ್ನದೊಳಗೆ ಕಾಗದ ಹೋಗಲಿ. ಆ ಹುಡುಗನಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳು. ಅದಕ್ಕೆ ತೆರಿಗೆ ಇಲ್ಲ."

ಫೋನಿಟ್ಟು ಅವಳು ಸೇತುವೆಯ ಕಂಬಿಗೆ ಒರಗಿದಳು. ಅವನೂ ಒರಗಿದ, ಒಂದು ಗೇಣು ದೂರದಲ್ಲಿ.

"ನಾಲ್ಕನೇ ಸಲ ಬಂದದ್ದಕ್ಕೆ ಕಾರಣ ಸಿಕ್ಕಿತು," ಎಂದಳು. "ಎರಡನೇ ಸಲ?"

"ನಿಮ್ಮಲ್ಲೇ ಟೇಪು ಮರೆತು ಹೋಗಿದ್ದೆ."

"ಮೂರನೇ ಸಲ?"

ಅವನು ನದಿ ನೋಡಿದ. ಕಿವಿ ಕೆಂಪಾಯಿತು. "ಟೇಪು ಇತ್ತು," ಎಂದ.

ಅವಳು ಮೂರು ಟ್ಯುಲಿಪ್‌ಗಳನ್ನು ಅವನ ಎದೆಗೆ ಒತ್ತಿದಳು, ಸ್ವಲ್ಪ ಬಲವಾಗಿಯೇ. "ಹಬ್ಬದ ಶುಭಾಶಯ. ಹಿಡೀರಿ. ಇಷ್ಟು ಬೇಜಾರು ಮಾಡಿಸಿದ ಮನುಷ್ಯನಿಗೆ ಹೂವು ಕೊಡ್ತಿರೋದು ಇದೇ ಮೊದಲು."

"ಯಾರ ಮನೆಗೆ ಹೋಗೋದು ಈಗ?"

ಅದಕ್ಕೂ ಐದು ನಿಮಿಷ ಜಗಳವಾಯಿತು. ಕೊನೆಗೆ ಅವನ ಮನೆಯೇ ಹತ್ತಿರ ಎಂದು ತೀರ್ಮಾನವಾಯಿತು. ಎಷ್ಟು ಹತ್ತಿರ ಎಂದು ಅವಳು ಕೇಳಲಿಲ್ಲ.

ಚರ್ಮಗಾರರ ಓಣಿಯ ಆ ಪುಟ್ಟ ಕೋಣೆಯಲ್ಲಿ ಹದಿನಾರು ಜನ ಮೇಜಿನ ಸುತ್ತ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದರು. ಯಾಸೆನ್‌ನ ತಾಯಿ ಸೌಟು ಹಿಡಿದುಕೊಂಡೇ ಎದ್ದು ಬಂದರು.

"ಹೆಸರಿನ ದಿನ ಇಷ್ಟು ಹೊತ್ತು ಮನೆ ಬಿಟ್ಟು ಹೋಗ್ತಾರೇನೋ! ಬಂದ ಜನ ನಿನ್ನ ಖಾಲಿ ಕುರ್ಚಿಗೆ ಹಾರೈಸ್ತಾ ಕೂತಿದ್ದಾರೆ." ಆಮೇಲೆ ಅವನ ಬೆನ್ನ ಹಿಂದೆ ನಿಂತವಳನ್ನು ಕಂಡರು. "ಇವಳೇನಾ ಆ ಹುಡುಗಿ? ನಿನಗೇನಾಗಬೇಕು?"

ಹಾಗೆ ಹೇಳಕ್ಕಾಗಲ್ಲ ಎನ್ನುತ್ತಾನೆ ಎಂದು ನೆವೆನಾ ಕಾದಳು. ಅಳೆದು ನೋಡಿ ಹೇಳುತ್ತೇನೆ ಎನ್ನುತ್ತಾನೆ.

"ನೆವೆನಾ," ಎಂದ ಯಾಸೆನ್. "ನನಗೆ ಇವಳ ಮೇಲೆ ಪ್ರೀತಿ ಅಮ್ಮ. ಅವಳಿಗೆ ಹೇಗೋ, ಇನ್ನೂ ಕೇಳಿಲ್ಲ."

ಫೋರ್ಕುಗಳು ಗಾಳಿಯಲ್ಲಿ ನಿಂತವು.

"ಹದಿನಾರು ಜನರ ಎದುರಿಗಾ?" ಎಂದಳು ನೆವೆನಾ, ಹಲ್ಲು ಕಚ್ಚಿ. "ಅಷ್ಟು ದೂರ ಜತೆಗೇ ನಡ್ಕೊಂಡು ಬಂದ್ವಿ. ಆಗೇನು ಬಾಯಿಗೆ ಬೀಗ ಹಾಕಿತ್ತಾ?"

"ನಡೀವಾಗ ಧೈರ್ಯ ಸಾಲಲಿಲ್ಲ."

"ಸರಿ ಬಿಡಮ್ಮ, ಈಗ ಅವನು ಕೇಳಿದ ಹಾಗೇ ಆಯ್ತು," ಎಂದರು ತಾಯಿ. "ಏನಂತೀಯಾ?"

ನೆವೆನಾ ಅವನನ್ನು ನೋಡಿದಳು. ಬಿಳಿ ಶರ್ಟಿನ ತೋಳಿಗೆ ಮುಚ್ಚಳದ ತುಕ್ಕು ಮೆತ್ತಿತ್ತು. ಎದೆಯ ಮೇಲೆ ಟ್ಯುಲಿಪ್‌ಗಳು ಸೊರಗಿದ್ದವು. ಅವನು ಈ ಸಲ ಚಾವಣಿ ನೋಡಲಿಲ್ಲ. "ಹೂಂ," ಎಂದಳು, ತನಗೇ ಕೇಳಿಸದಷ್ಟು ಮೆತ್ತಗೆ.

"ಏನಂದ್ಲು?" ಎಂದು ಮೇಜಿನ ತುದಿಯಿಂದ ಒಬ್ಬ ಮುದುಕ ಕೂಗಿದ. ಎರಡೂ ಕಿವಿಗೆ ಕೈ ಅಡ್ಡ ಇಟ್ಟುಕೊಂಡಿದ್ದ. "ಜೋರಾಗಿ ಹೇಳ್ರೋ, ಏನಂದ್ಲು?"

"ದೊಡ್ಡಪ್ಪನಿಗೆ ಕಿವಿ ಕೇಳಲ್ಲ," ಎಂದ ಯಾಸೆನ್. "ತುಟಿ ನೋಡಿ ಅರ್ಥ ಮಾಡ್ಕೊಳ್ತಾರೆ."

ಏಳು ವರ್ಷದಿಂದ ನೆವೆನಾಳ ಕಚೇರಿ ಕಿವಿ ಕೇಳದವರಿಗೆ ಮಾತು ಕಳಿಸುತ್ತಿತ್ತು. ಮಾತು ತಲುಪಿದಾಗ ಅವರ ಮುಖ ಹೇಗಾಗುತ್ತದೆ ಎಂದು ಅವಳು ಒಮ್ಮೆಯೂ ನೋಡಿರಲಿಲ್ಲ. ಅವಳು ಮುದುಕನ ಕಡೆ ಪೂರ್ತಿ ತಿರುಗಿದಳು, ಬೆಳಕು ಮುಖದ ಮೇಲೆ ಬೀಳುವ ಹಾಗೆ ನಿಂತಳು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

"ನನಗೂ ಪ್ರೀತಿ."

ಮುದುಕ ಅವಳ ತುಟಿಗಳನ್ನೇ ನೋಡುತ್ತಿದ್ದ. ಒಂದು, ಎರಡು, ಮೂರು ಸೆಕೆಂಡು. ಆಮೇಲೆ ಅವನ ಮುಖ ಮೆಲ್ಲಗೆ ಅರಳಿತು.